ನೆಪ್ಚೂನಿನ ನಡುಹಗಲು

೨೦೧೯ನೆಯ ಇಸವಿ ಡಿಸೆಂಬರ್ ೨೬ರ ಗುರುವಾರ ಬೆಳಿಗ್ಗೆ ಎಂಟು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಚಂದ್ರನ ಅಂಚು ಸೂರ್ಯಬಿಂಬವನ್ನು ಮುಟ್ಟಿತು. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ನೆರೆದಿದ್ದವರಿಗೆ ಆಕಾಶದಲ್ಲಿ ಬೆಂಕಿಯ ಬಳೆಯೇ ಕಂಡಿತು. ಮಂಡ್ಯ ಜಿಲ್ಲೆ ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆ ಆ ಭಾಗ್ಯದ ಪಟ್ಟಿಯಿಂದ ಹೊರಗೆ ಬಿದ್ದ ಊರು. ಅಲ್ಲಿ ಬಳೆ ಕೂಡಿಕೊಳ್ಳಲಿಲ್ಲ. ಆದರೆ ಒಂಬತ್ತೂವರೆಯ ಹೊತ್ತಿಗೆ ಆ ಸೀಮೆಯ ಮೇಲೆ ಸೂರ್ಯಬಿಂಬದ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಮರೆಯಾಗಿತ್ತು. ಉಳಿದದ್ದು ಒಂದೇ ಪಾಲು.

ಹತ್ತರಲ್ಲಿ ಒಂಬತ್ತು ಪಾಲು ಬೆಳಕು ಹೋದರೆ ಏನಾಗಬೇಕು? ಹತ್ತು ದೀಪಗಳಲ್ಲಿ ಒಂಬತ್ತನ್ನು ಆರಿಸಿದ ಮನೆಯಂತೆ ಜಗತ್ತು ಮಂಕಾಗಬೇಕು, ಹಕ್ಕಿಗಳು ಗೂಡಿಗೆ ಮರಳಬೇಕು ಎಂದು ಎಣಿಸುವುದು ಸಹಜ. ಹಾಗೇನೂ ಆಗುವುದಿಲ್ಲ. ಇಂಥ ಗ್ರಹಣದಲ್ಲಿ ಬಿಸಿಲು ತುಸು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ನೆರಳುಗಳ ಅಂಚು ಹರಿತವಾಗುತ್ತದೆ. ಗಾಳಿ ಕೊಂಚ ತಣ್ಣಗಾಗುತ್ತದೆ. ಗ್ರಹಣವೆಂಬುದನ್ನೇ ಅರಿಯದೆ ಕಬ್ಬಿನ ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುವವನು, ತೆಳುಮೋಡವೊಂದು ಅಡ್ಡ ಬಂದಿರಬೇಕೆಂದುಕೊಂಡು ತಲೆಯೆತ್ತದೆಯೇ ಇರಬಹುದು. ಹತ್ತನೆಯ ಒಂದು ಪಾಲು ಬಿಸಿಲಿನಲ್ಲಿಯೂ ದಿನಪತ್ರಿಕೆಯ ಅತಿ ಸಣ್ಣ ಅಕ್ಷರವನ್ನು ಸಲೀಸಾಗಿ ಓದಬಹುದು.

ಆ ಬೆಳಗಿನ ಬೆಳಕನ್ನು ಲೆಕ್ಕಕ್ಕಿಳಿಸಿದರೆ ಒಂದು ಸ್ವಾರಸ್ಯ ಹೊರಬೀಳುತ್ತದೆ. ಸೂರ್ಯನ ಬೆಳಕು ಹತ್ತನೆಯ ಒಂದು ಪಾಲಿಗೆ ಇಳಿಯಬೇಕಾದರೆ ಭೂಮಿಯು ಈಗಿರುವುದಕ್ಕಿಂತ ಮೂರು ಪಟ್ಟಿಗಿಂತ ತುಸು ಹೆಚ್ಚು ದೂರ ಹೋಗಿ ನಿಲ್ಲಬೇಕು. ಅಲ್ಲಿರುವುದು ಮಂಗಳ ಮತ್ತು ಗುರುಗಳ ನಡುವಣ ಕ್ಷುದ್ರಗ್ರಹಗಳ ಸೀಮೆ. ಎಂದರೆ ಆ ಗುರುವಾರ ಕೆಲವು ನಿಮಿಷಗಳ ಕಾಲ ಬೂಕನಕೆರೆಯ ಗದ್ದೆಗಳ ಮೇಲೆ ಬಿದ್ದದ್ದು ಸೂರ್ಯನಿಂದ ಸುಮಾರು ನಲವತ್ತೇಳು ಕೋಟಿ ಕಿಲೋಮೀಟರ್ ದೂರದ ಬಿಸಿಲು!

ಹತ್ತನೆಯ ಒಂದು ಪಾಲಿಗೆ ಹತ್ತು ಪಟ್ಟು ದೂರವಲ್ಲ, ಮೂರೇ ಪಟ್ಟು ದೂರ ಸಾಕಾದದ್ದು ಹೇಗೆಂದು ಮನೆಯ ಮಕ್ಕಳು ಕೇಳಿಯೇ ಕೇಳುತ್ತಾರೆ. ಜಾತ್ರೆಯ ಅಂಗಡಿಯ ಮುಂದೆ ತೂಗುಹಾಕಿದ ಪೆಟ್ರೋಮ್ಯಾಕ್ಸ್ ದೀಪವನ್ನು ನೆನೆದರೆ ವಿಷಯ ತಿಳಿಯಾಗುತ್ತದೆ. ದೀಪದಿಂದ ಹೊರಟ ಬೆಳಕು ಎಲ್ಲ ದಿಕ್ಕಿಗೂ ಹರಡುತ್ತದೆ. ಒಂದು ಮಾರು ದೂರದಲ್ಲಿ ಒಂದು ಕರವಸ್ತ್ರದ ಮೇಲೆ ಬೀಳುವ ಬೆಳಕು ಎರಡು ಮಾರು ದೂರಕ್ಕೆ ಹೋಗುವಷ್ಟರಲ್ಲಿ ಉದ್ದದಲ್ಲಿ ಎರಡು ಪಟ್ಟು, ಅಗಲದಲ್ಲಿ ಎರಡು ಪಟ್ಟು ಹರಡಿ ನಾಲ್ಕು ಕರವಸ್ತ್ರಗಳನ್ನು ತುಂಬಬೇಕಾಗುತ್ತದೆ. ಮೂರು ಮಾರಿನಲ್ಲಿ ಒಂಬತ್ತನ್ನು. ದೂರ ಮೂರು ಪಟ್ಟಾದರೆ ಬೆಳಕು ಒಂಬತ್ತನೆಯ ಒಂದು ಪಾಲು. ೧೬೦೪ರಲ್ಲಿಯೇ ಕೆಪ್ಲರನು ಬೆಳಕಿನ ಈ ಸ್ವಭಾವವನ್ನು ಬರೆದಿಟ್ಟಿದ್ದನು.

ಇದೇ ನಿಯಮವನ್ನು ಹಿಡಿದು ಸೌರಮಂಡಲವನ್ನೆಲ್ಲ ಬೂಕನಕೆರೆಯ ಸುತ್ತ ಹರಡಿ ನೋಡಬಹುದು. ಊರ ನಡುವೆ ಮೂರು ಮೊಳ ಅಡ್ಡಗಲದ ಒಂದು ಗಾಡಿಯ ಚಕ್ರವನ್ನು ನಿಲ್ಲಿಸಿ ಅದನ್ನೇ ಸೂರ್ಯನೆಂದು ತಿಳಿದರೆ, ನೂರೈವತ್ತು ಮೀಟರ್ ಆಚೆ ಇಟ್ಟ ಒಂದು ಗೋಲಿ ಭೂಮಿ. ಇನ್ನೂ ಎಂಬತ್ತು ಮೀಟರ್ ನಡೆದರೆ ಬಟಾಣಿ ಕಾಳಿನಷ್ಟು ಮಂಗಳ. ಮುಕ್ಕಾಲು ಕಿಲೋಮೀಟರ್ ದಾಟಿದ ಮೇಲೆ ದೊಡ್ಡದೊಂದು ತೆಂಗಿನಕಾಯಿಯ ಗಾತ್ರದ ಗುರು. ಶನಿಗೆ ಹೆಚ್ಚುಕಡಮೆ ಒಂದೂವರೆ ಕಿಲೋಮೀಟರ್. ಊರನ್ನೂ ಊರ ಹೊಲಗದ್ದೆಗಳನ್ನೂ ಹಿಂದೆ ಬಿಟ್ಟು ನಾಲ್ಕೂವರೆ ಕಿಲೋಮೀಟರ್ ನಡೆದರೆ ನಿಂಬೆಹಣ್ಣಿನಷ್ಟಿರುವ ನೆಪ್ಚೂನ್. ೧೯೭೭ರಲ್ಲಿ ಹೊರಟ ವಾಯೇಜರ್-೧ ಎಂಬ ನೌಕೆ ಇದೇ ಲೆಕ್ಕದಲ್ಲಿ ಚಕ್ರದಿಂದ ಸುಮಾರು ಇಪ್ಪತ್ತೈದು ಕಿಲೋಮೀಟರ್ ದೂರ ಹೋಗಿದೆ.

ಭೂಮಿಯ ವಾತಾವರಣದ ಹೊರಗೆ, ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರ್ ಹಲಗೆಯ ಮೇಲೆ ಬೀಳುವ ಸೌರಶಕ್ತಿ ೧೩೬೧ ವಾಟ್. ಶುಕ್ರನ ಬಳಿ ಇದು ೨೬೦೦. ಬುಧನ ಬಳಿ ೯೦೦೦ವನ್ನೂ ಮೀರುತ್ತದೆ. ಇತ್ತ ಮಂಗಳನ ಬಳಿ ಸುಮಾರು ೫೯೦, ಗುರುವಿನ ಬಳಿ ೫೦, ಶನಿಯ ಬಳಿ ೧೫. ನೆಪ್ಚೂನಿನ ಬಳಿ ಒಂದೂವರೆ ವಾಟ್ ಮಾತ್ರ. ಭೂಮಿಯ ಪಾಲಿನ ಒಂಬೈನೂರನೆಯ ಒಂದು ಅಂಶ!

ಭೂಮಿಯೂ ಒಂದೇ ದೂರದಲ್ಲಿ ಸುತ್ತುವುದಿಲ್ಲ. ಪ್ರತಿವರ್ಷ ಜನವರಿಯ ಮೊದಲ ವಾರದಲ್ಲಿ ಅದು ಸೂರ್ಯನಿಗೆ ಅತಿ ಸಮೀಪ, ಜುಲೈ ಮೊದಲ ವಾರದಲ್ಲಿ ಅತಿ ದೂರ. ಎರಡಕ್ಕೂ ಐವತ್ತು ಲಕ್ಷ ಕಿಲೋಮೀಟರುಗಳ ಅಂತರ, ಬಿಸಿಲಿನಲ್ಲಿ ನೂರಕ್ಕೆ ಏಳರ ವ್ಯತ್ಯಾಸ. ಸಂಕ್ರಾಂತಿಗೆ ಒಂದೆರಡು ವಾರ ಮುಂಚೆ ಕಂಬಳಿ ಹೊದ್ದು ಕುಳಿತವರಿಗೆ, ಸೂರ್ಯನು ಅತಿ ಹತ್ತಿರವಿರುವುದು ಆಗಲೇ ಎಂದರೆ ನಂಬಿಕೆ ಬರುವುದು ಕಷ್ಟ. ಚಳಿ ಬರುವುದು ಭೂಮಿಯ ಓರೆಯಿಂದ, ದೂರದಿಂದಲ್ಲ.

ನೆಪ್ಚೂನಿನ ಒಂದೂವರೆ ವಾಟ್ ಎಂಬ ಅಂಕಿಯನ್ನು ಕೇಳಿದ ಕೂಡಲೇ ಅಲ್ಲಿ ಕಗ್ಗತ್ತಲೆಂದು ತೀರ್ಮಾನಿಸಿದರೆ ಅದು ಅವಸರದ ತೀರ್ಮಾನವಾದೀತು. ಬೆಳಕನ್ನು ಕಣ್ಣಿನ ಲೆಕ್ಕದಲ್ಲಿ ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ಬಯಲಿನ ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ದೀಪ ಚೆನ್ನಾಗಿರುವ ಕಚೇರಿ ಮುನ್ನೂರರಿಂದ ಐನೂರು. ಮನೆಯ ನಡುಮನೆಯಲ್ಲಿ ಸಂಜೆ ನೂರು, ನೂರೈವತ್ತು. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸ್ ಅಷ್ಟೆ. ಈ ಮಾನದಲ್ಲಿ ಶನಿಯ ಬಳಿಯ ಬಿಸಿಲು ಸಾವಿರದ ನಾನೂರು ಲಕ್ಸ್. ಯಾವ ಕಚೇರಿಗಿಂತಲೂ ಅಲ್ಲಿ ಬೆಳಕು ಹೆಚ್ಚು! ನೆಪ್ಚೂನಿನ ನಡುಹಗಲಿನ ಬೆಳಕು ನೂರನಲವತ್ತರ ಸುಮಾರು, ಅಂದರೆ ಸಂಜೆ ದೀಪ ಹಾಕಿಕೊಂಡು ಮನೆಮಂದಿಯೆಲ್ಲ ಕುಳಿತು ವಾರಪತ್ರಿಕೆಯ ಧಾರಾವಾಹಿ ಓದುವಷ್ಟು. ಅದಕ್ಕೂ ಆಚೆಯ ಪ್ಲೂಟೊವಿನ ನಡುಹಗಲು ಹೇಗಿರುತ್ತದೆಂದು ತಿಳಿಯಲು ಎಲ್ಲಿಗೂ ಹೋಗಬೇಕಾಗಿಲ್ಲ. ಸೂರ್ಯ ಮುಳುಗಿದ ಕೆಲವೇ ನಿಮಿಷಗಳಲ್ಲಿ, ದನಗಳು ಕೊಟ್ಟಿಗೆ ಸೇರುವ ಹೊತ್ತಿನಲ್ಲಿ, ಅಂಗಳದಲ್ಲಿ ನಿಂತರೆ ಸಾಕು. ೨೦೧೫ರ ಜುಲೈ ೧೪ರಂದು ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊವನ್ನು ಹಾದುಹೋದಾಗ ಅಮೆರಿಕದ ನಾಸಾ ಸಂಸ್ಥೆ ಜನರಿಗೆ ಇದನ್ನೇ ತೋರಿಸಿಕೊಟ್ಟಿತು. ವಾಯೇಜರ್-೧ ಇರುವ ಆ ಅತಿದೂರದಲ್ಲಿಯೂ ಸೂರ್ಯನ ಬೆಳಕು ಹನ್ನೆರಡು ಹುಣ್ಣಿಮೆಗಳಿಗೆ ಕಡಮೆಯಿಲ್ಲ.

ಅಂಕಿ ಹೇಳುವುದಕ್ಕೂ ಅನುಭವ ಹೇಳುವುದಕ್ಕೂ ಇಷ್ಟು ಅಂತರವಿರುವುದಕ್ಕೆ ಕಾರಣ ಕಣ್ಣು. ಕಣ್ಣು ನಂಬಿಕೆಗೆ ಯೋಗ್ಯವಾದ ಅಳತೆಗಾರನಲ್ಲ. ಅದು ಮನೆತನವನ್ನು ತೂಗಿಸಿಕೊಂಡು ಹೋಗುವ ಜಾಣ ಗೃಹಿಣಿಯಂತೆ. ವರಮಾನ ಹೆಚ್ಚಿದಾಗ ಬಾಗಿಲು ಬಿಗಿ ಮಾಡುತ್ತದೆ, ಕುಗ್ಗಿದಾಗ ಸಡಿಲಿಸುತ್ತದೆ, ಒಳಗಿನವರಿಗೆ ಕೊರತೆ ತಿಳಿಯಗೊಡುವುದಿಲ್ಲ. ಬಿಸಿಲಿನಲ್ಲಿ ಎರಡು ಮಿಲಿಮೀಟರ್ ಇರುವ ಕಣ್ಣಪಾಪೆ ಕತ್ತಲಲ್ಲಿ ಏಳೆಂಟು ಮಿಲಿಮೀಟರುಗಳಿಗೆ ಅರಳುತ್ತದೆ. ಆದರೆ ಇದರಿಂದ ಹತ್ತು ಹದಿನೈದು ಪಟ್ಟಿನ ಹೊಂದಾಣಿಕೆ ಮಾತ್ರ ಸಾಧ್ಯ; ಮಿಕ್ಕ ಕೆಲಸವೆಲ್ಲ ಅಕ್ಷಿಪಟದ ಒಳಗೇ ನಡೆಯುತ್ತದೆ. ಮ್ಯಾಟಿನಿ ಆಟಕ್ಕೆ ತಡವಾಗಿ ಹೋಗಿ, ಕುರ್ಚಿ ಕಾಣದೆ ಪಕ್ಕದವರ ಕಾಲು ತುಳಿದವರಿಗೆಲ್ಲ ಆ ಕೆಲಸ ಎಷ್ಟು ನಿಧಾನವೆಂಬುದು ಗೊತ್ತು. ಪೂರ್ತಿ ಹೊಂದಿಕೊಳ್ಳಲು ಅದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಹೊರಗೆ ಬಂದಾಗ ಮಾತ್ರ ಬೆಳಕಿಗೆ ಬೇಗನೆ ಒಗ್ಗಿಕೊಳ್ಳುತ್ತದೆ.

ಕಣ್ಣಿನ ಈ ಗುಣದಿಂದಾಗಿ ಹಿಂದಿನವರಿಗೆ ಬೆಳಕನ್ನು ಅಳೆಯುವುದೇ ಒಂದು ಸಾಹಸವಾಗಿತ್ತು. ೧೮ನೆಯ ಶತಮಾನದಲ್ಲಿ ಫ್ರಾನ್ಸಿನ ಪಿಯೆರ್ ಬುಗೇರ್ ಎಂಬ ವಿದ್ವಾಂಸನು ಸೂರ್ಯನನ್ನೂ ಹುಣ್ಣಿಮೆಯ ಚಂದ್ರನನ್ನೂ ಬೇರೆಬೇರೆಯಾಗಿ ಮೇಣದ ಬತ್ತಿಯ ಬೆಳಕಿಗೆ ಹೋಲಿಸಿ, ಸೂರ್ಯನು ಮೂರು ಲಕ್ಷ ಪಟ್ಟು ಹೆಚ್ಚು ಪ್ರಕಾಶವುಳ್ಳವನೆಂದು ಗುಣಿಸಿದನು. ಇಂದಿನ ಲೆಕ್ಕ ನಾಲ್ಕು ಲಕ್ಷ. ಬರಿಯ ಬತ್ತಿಗಳನ್ನು ಹಿಡಿದುಕೊಂಡು ಇಷ್ಟು ಹತ್ತಿರಕ್ಕೆ ಬಂದವನ ತಾಳ್ಮೆಗೆ ತಲೆದೂಗಬೇಕು. ೧೮೫೬ರಲ್ಲಿ ನಾರ್ಮನ್ ಪಾಗ್ಸನ್ ಎಂಬ ಖಗೋಳಜ್ಞನು ನಕ್ಷತ್ರಗಳ ಕಾಂತಿಗೆ ಮೆಟ್ಟಿಲುಗಳ ಒಂದು ಏಣಿಯನ್ನು ಖಚಿತಪಡಿಸಿದನು: ಬೆಳಕು ನೂರು ಪಟ್ಟು ವ್ಯತ್ಯಾಸವಾದರೆ ಐದು ಮೆಟ್ಟಿಲು. ಈತನು ಮುಂದೆ ೧೮೬೧ರಲ್ಲಿ ಮದರಾಸಿನ ವೀಕ್ಷಣಾಲಯಕ್ಕೆ ಬಂದು ಸಾಯುವ ತನಕ ಅಲ್ಲಿಯೇ ದುಡಿದನು. ಪಾಗ್ಸನ್ನನ ಏಣಿಯಲ್ಲಿ ಭೂಮಿಯಿಂದ ನೆಪ್ಚೂನಿಗೆ ಹೋದರೆ ಸೂರ್ಯನು ಇಳಿಯುವುದು ಏಳೂವರೆ ಮೆಟ್ಟಿಲು ಕೂಡ ಇಲ್ಲ. ಒಂಬೈನೂರು ಪಟ್ಟು ಎಂದಾಗ ಎದೆ ನಡುಗಿಸುವ ಇಳಿತ ಏಣಿಯ ಭಾಷೆಯಲ್ಲಿ ಎಷ್ಟು ಸಣ್ಣದಾಯಿತು! ಕಣ್ಣು ಮಾತನಾಡುವುದು ಹೆಚ್ಚುಕಡಮೆ ಈ ಏಣಿಯ ಭಾಷೆಯನ್ನೇ.

ಬೆಂಗಳೂರಿನಲ್ಲಿ ೧೯೮೯ರಿಂದ ಇರುವ ಜವಾಹರಲಾಲ್ ನೆಹರು ತಾರಾಲಯವಾಗಲಿ, ಮಂಗಳೂರಿನ ಪಿಲಿಕುಳದಲ್ಲಿ ೨೦೧೮ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯವಾಗಲಿ, ಮನೆಮನೆಯ ಗಣಕಯಂತ್ರದಲ್ಲಿ ಮಕ್ಕಳು ಆಡುವ ಗ್ರಹಯಾನದ ಆಟಗಳಾಗಲಿ, ಕೃತಕ ಆಕಾಶವನ್ನು ಕಟ್ಟುವವರೆಲ್ಲ ಇದೇ ತೊಡಕಿಗೆ ಸಿಲುಕಬೇಕು. ಗ್ರಹದಿಂದ ಗ್ರಹಕ್ಕೆ ಹೋಗುವಾಗ ಬಿಸಿಲನ್ನು ಎಷ್ಟು ಕುಗ್ಗಿಸಬೇಕು? ನಿಯಮದಂತೆ ಲೆಕ್ಕ ಹಾಕಿ ಒಂಬೈನೂರನೆಯ ಒಂದು ಪಾಲಿಗೆ ಇಳಿಸಿದರೆ ಪರದೆ ಕಪ್ಪಾಗಿ ನೆಪ್ಚೂನ್ ಕಾಣಿಸುವುದೇ ಇಲ್ಲ. ಪರದೆಯ ಅತಿ ಹೆಚ್ಚಿನ ಬೆಳಕಿಗೂ ಅತಿ ಕಡಮೆಯ ಬೆಳಕಿಗೂ ನಡುವೆ ಅಷ್ಟೊಂದು ಎಡೆಯಿರುವುದಿಲ್ಲ. ಗೋಜೇ ಬೇಡವೆಂದು ಎಲ್ಲೆಡೆಯೂ ಒಂದೇ ಬಿಸಿಲನ್ನು ಇಟ್ಟರೆ, ಪ್ಲೂಟೊ ಕೂಡ ಬೇಸಗೆಯ ಬಯಲಿನಂತೆ ಬೆಳಗಿ, ದೂರವೆಂಬುದರ ಅನುಭವವೇ ಹಾರಿಹೋಗುತ್ತದೆ. ಎರಡೂ ಸುಳ್ಳು. ಆದರೂ ಎರಡನೆಯದು ಕಣ್ಣಿನ ಸತ್ಯಕ್ಕೆ ಹತ್ತಿರದ ಸುಳ್ಳು.

ಉತ್ತಮವಾದ ದಾರಿ ಇವೆರಡರ ನಡುವೆ ಇದೆ. ಕ್ಯಾಮರಾದ ಕಿಂಡಿಯನ್ನು ತಾನಾಗಿ ತೆರೆದು ಮುಚ್ಚುವ ಹಾಗೆ, ಕಣ್ಣು ಒಗ್ಗಿಕೊಳ್ಳುವ ರೀತಿಯನ್ನೇ ಲೆಕ್ಕದಲ್ಲಿ ಸೇರಿಸಬೇಕು. ನೌಕೆ ಗ್ರಹವೊಂದರ ನೆರಳಿಗೆ ನುಗ್ಗಿದಾಗ ಮೊದಲು ಏನೂ ಕಾಣದೆ, ಬರಬರುತ್ತ ನಕ್ಷತ್ರಗಳು ಒಂದೊಂದಾಗಿ ಮೂಡಬೇಕು. ಬಿಸಿಲಿಗೆ ಬಂದೊಡನೆ ಅವು ಮಾಯವಾಗಬೇಕು. ಅನೇಕ ಚಿತ್ರಗಳಲ್ಲಿ ಬಿಸಿಲಿನಿಂದ ಬೆಳಗುವ ಗ್ರಹದ ಬೆನ್ನ ಹಿಂದೆಯೇ ನಕ್ಷತ್ರಗಳ ಸಂತೆ ಸೇರಿರುತ್ತದೆ. ನೋಡಲು ಚೆಂದ, ಆದರೆ ಚಂದ್ರನ ಮೇಲೆ ಹಗಲಿನಲ್ಲಿ ನಿಂತವರ ಛಾಯಾಚಿತ್ರಗಳಲ್ಲಿ ಆಕಾಶ ಬರಿದಾಗಿಯೇ ಇದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ದೂರ ಹೋದಂತೆ ಸೂರ್ಯನನ್ನು ಮಂಕಾದ ಒಂದು ಹಳದಿ ಬಿಂದುವಾಗಿ ಬರೆಯುವುದು ರೂಢಿ. ದೂರದಿಂದ ಸೂರ್ಯಬಿಂಬ ಕಿರಿದಾಗುತ್ತದೆಯೇ ಹೊರತು ಮಂಕಾಗುವುದಿಲ್ಲ. ಗುರುವಿನಿಂದ ನೋಡಿದರೆ ಬಿಂಬದ ಅಡ್ಡಗಲ ಇಲ್ಲಿ ಕಾಣುವುದರ ಐದನೆಯ ಒಂದು ಪಾಲು. ನೆಪ್ಚೂನಿನಿಂದ ಮೂವತ್ತನೆಯ ಒಂದು ಪಾಲು, ಬರಿಗಣ್ಣಿಗೆ ಹೆಚ್ಚುಕಡಮೆ ಚುಕ್ಕೆ. ಆದರೆ ಆ ಚುಕ್ಕೆಯ ಒಂದೊಂದು ಅಂಶವೂ ಇಲ್ಲಿನ ಸೂರ್ಯನ ಅಷ್ಟೇ ಅಂಶದಂತೆ ಉರಿಯುತ್ತಿರುತ್ತದೆ. ಗ್ರಹಣದಲ್ಲಿ ಕಣ್ಣು ಕಳೆದುಕೊಳ್ಳುವವರು ಮೋಸಹೋಗುವುದು ಇಲ್ಲಿಯೇ. ಹತ್ತರಲ್ಲಿ ಒಂಬತ್ತು ಪಾಲು ಮುಚ್ಚಿತು, ಬಿಸಿಲು ತಂಪಾಯಿತು, ಇನ್ನು ನೋಡಿದರೇನು ಎಂದುಕೊಳ್ಳುತ್ತಾರೆ. ಉಳಿದ ಕುಡುಗೋಲಿನಂಥ ತುಣುಕಿನ ಉರಿ ಎಳ್ಳಷ್ಟೂ ತಗ್ಗಿರುವುದಿಲ್ಲ. ಮೇಲಾಗಿ ಮಂದ ಬೆಳಕಿಗೆ ಕಣ್ಣಪಾಪೆ ಅರಳಿಕೊಂಡಿರುತ್ತದೆ. ಅಕ್ಷಿಪಟಕ್ಕೆ ನೋವಿನ ಅರಿವಿಲ್ಲ. ಸುಟ್ಟ ಗುರುತು ತಿಳಿಯುವುದು ಗಂಟೆಗಳು ಕಳೆದ ಮೇಲೆ, ಓದಲು ಹೊರಟ ಅಕ್ಷರದ ನಡುವೆಯೇ ಕಪ್ಪು ಚುಕ್ಕೆ ಕುಳಿತಾಗ. ೨೦೩೧ರ ಮೇ ೨೧ರಂದು ಕೇರಳ, ತಮಿಳುನಾಡುಗಳ ಮೇಲೆ ಮತ್ತೊಂದು ಕಂಕಣಗ್ರಹಣ ಹಾದುಹೋಗಲಿದೆ. ಕರ್ನಾಟಕದ ದಕ್ಷಿಣ ಜಿಲ್ಲೆಗಳಲ್ಲಿ ಆಗಲೂ ಬಿಂಬದ ದೊಡ್ಡ ಭಾಗ ಮರೆಯಾಗುವುದು. ಅಷ್ಟರಲ್ಲಿ ಮಕ್ಕಳಿಗೆ ಈ ಮಾತನ್ನು ತಿಳಿಸಿಟ್ಟಿರುವುದು ಹಿರಿಯರ ಕೆಲಸ.

ಕಣ್ಣು ಕೊರತೆಯನ್ನು ಮರೆಸಬಲ್ಲುದು. ಯಂತ್ರಕ್ಕೆ ಆ ಜಾಣತನವಿಲ್ಲ. ೧೯೮೯ರ ಆಗಸ್ಟಿನಲ್ಲಿ ವಾಯೇಜರ್-೨ ನೆಪ್ಚೂನಿನ ಚಿತ್ರಗಳನ್ನು ತೆಗೆಯುವಾಗ ಅದರ ಕ್ಯಾಮರಾ ಬಹು ಹೊತ್ತು ಕಿಂಡಿ ತೆರೆದಿರಬೇಕಾಯಿತು. ನೌಕೆಯೋ ಮಹಾವೇಗದಿಂದ ಓಡುತ್ತಿತ್ತು; ಚಿತ್ರ ಅಳಿಸಿಹೋಗದಂತೆ ಇಡೀ ನೌಕೆಯನ್ನೇ ಮೆಲ್ಲಮೆಲ್ಲನೆ ತಿರುಗಿಸಿ ಗ್ರಹದ ಮೇಲೆ ನೋಟ ನಿಲ್ಲಿಸಿದರು. ೨೦೧೬ರ ಜುಲೈನಲ್ಲಿ ಗುರುವನ್ನು ಸೇರಿದ ಜೂನೋ ನೌಕೆಯ ಮೂರು ಸೌರಫಲಕಗಳು ಒಂದೊಂದೂ ಒಂಬತ್ತು ಮೀಟರಿನಷ್ಟು ಉದ್ದ. ಭೂಮಿಯ ಬಳಿ ಸುಮಾರು ಹದಿನಾಲ್ಕು ಕಿಲೋವಾಟ್ ವಿದ್ಯುತ್ತನ್ನು ಕೊಡಬಲ್ಲ ಆ ಫಲಕಗಳು ಗುರುವಿನ ಬಳಿ ಕೊಟ್ಟದ್ದು ಐನೂರು ವಾಟಿನ ಆಸುಪಾಸು. ಇಪ್ಪತ್ತೇಳನೆಯ ಒಂದು ಪಾಲು! ಕೆಪ್ಲರನ ನಿಯಮ ಒಂದು ಕಾಸನ್ನೂ ರಿಯಾಯಿತಿ ಬಿಡಲಿಲ್ಲ.

ಆದಕಾರಣ ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ಕೃತಕ ಆಕಾಶವಿದೆ. ಅದನ್ನು ನೋಡಲು ಟಿಕೆಟು ಸಿಕ್ಕುವುದಿಲ್ಲ. ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಇಡೀ ಉಪಗ್ರಹವನ್ನೇ ಒಳಗಿಟ್ಟು ಪರೀಕ್ಷಿಸುವ ದೊಡ್ಡ ಉಕ್ಕಿನ ಕೊಠಡಿಯುಂಟು. ಗಾಳಿಯನ್ನೆಲ್ಲ ಹೊರಗೆಳೆದು, ಒಳಗೋಡೆಗಳನ್ನು ದ್ರವ ನೈಟ್ರೋಜನ್ನಿನಿಂದ ತಣಿಸಿ, ಒಂದು ಕಡೆಯಿಂದ ಕೃತಕ ಬಿಸಿಲನ್ನು ಹಾಯಿಸುತ್ತಾರೆ. ಬಿಸಿಲಿಗೆ ಝೆನಾನ್ ಅನಿಲದ ಪ್ರಖರ ದೀಪಗಳು. ಇಲ್ಲಿ ಪೆಟ್ರೋಮ್ಯಾಕ್ಸಿನ ತೊಡಕು ಮರಳಿ ಬರುತ್ತದೆ. ದೀಪ ಹತ್ತಿರವಿದ್ದರೆ ಉಪಗ್ರಹದ ಮುಂಭಾಗಕ್ಕೆ ಹೆಚ್ಚು ಬೆಳಕು, ಎರಡು ಮೀಟರ್ ಹಿಂದಿನ ಭಾಗಕ್ಕೆ ಬಹಳ ಕಡಮೆ. ನಿಜವಾದ ಸೂರ್ಯ ಹದಿನೈದು ಕೋಟಿ ಕಿಲೋಮೀಟರ್ ಆಚೆಯವನು. ಅವನಿಗೆ ಎರಡು ಮೀಟರ್ ಲೆಕ್ಕಕ್ಕೇ ಇಲ್ಲ. ಆದ್ದರಿಂದ ದೀಪಗಳ ಬೆಳಕನ್ನು ಬಾಗಿದ ಕನ್ನಡಿಯ ಮೇಲೆ ಬೀಳಿಸಿ, ಕಿರಣಗಳು ಒಂದಕ್ಕೊಂದು ಸಮಾನಾಂತರವಾಗಿ ಹೋಗುವಂತೆ ಮಾಡಬೇಕು. ಕೊಠಡಿಯೊಳಗಿನ ದೀಪ ಆಗ ಬಹು ದೂರದ ಸೂರ್ಯನಂತೆ ನಡೆದುಕೊಳ್ಳುತ್ತದೆ. ಇಲ್ಲಿ ಕಣ್ಣಿನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಚದರ ಮೀಟರಿಗೆ ಇಷ್ಟು ವಾಟ್ ಎಂದರೆ ಅಷ್ಟೇ ಬೀಳಬೇಕು. ತಪ್ಪಿದರೆ ಅಂತರಿಕ್ಷದಲ್ಲಿ ಒಂದು ಬದಿ ಕಾದು ಇನ್ನೊಂದು ಬದಿ ಹೆಪ್ಪುಗಟ್ಟಿದ ಯಂತ್ರವನ್ನು ಕೈಚಾಚಿ ಸರಿಪಡಿಸಲಾಗದು.

ಮಂಗಳಯಾನಕ್ಕೆ ಈ ಲೆಕ್ಕ ಜೀವನ್ಮರಣದ ಪ್ರಶ್ನೆಯಾಗಿತ್ತು. ೨೦೧೩ರ ನವೆಂಬರ್ ೫ರಂದು ಹೊರಟು ೨೦೧೪ರ ಸೆಪ್ಟೆಂಬರ್ ೨೪ರಂದು ಮಂಗಳನ ಕಕ್ಷೆ ಸೇರಿದ ಆ ನೌಕೆಗೆ ಮೂರೇ ಸೌರಫಲಕಗಳು, ಒಂದೊಂದೂ ೧.೮ ಮೀಟರ್ ಉದ್ದ, ೧.೪ ಮೀಟರ್ ಅಗಲ. ಮೂರೂ ಸೇರಿದರೆ ಮನೆಯ ಮೂರು ಮಂಚಗಳನ್ನು ಹಾಕಿದಷ್ಟು ಜಾಗ. ಮಂಗಳನ ಬಳಿಯ ಬಡ ಬಿಸಿಲಿನಲ್ಲಿ ಅವು ೮೪೦ ವಾಟ್ ಕೊಡಬೇಕಾಗಿತ್ತು, ಕೊಟ್ಟವು. ಮಂಗಳನ ಕಕ್ಷೆ ಭೂಮಿಯದಕ್ಕಿಂತ ಹೆಚ್ಚು ಅಂಡಾಕಾರವಾದುದರಿಂದ ಅಲ್ಲಿನ ಬಿಸಿಲು ವರ್ಷದ ಒಂದು ಕಾಲದಲ್ಲಿ ಭೂಮಿಯ ಪಾಲಿನ ನೂರಕ್ಕೆ ಐವತ್ತೆರಡಿದ್ದರೆ ಇನ್ನೊಂದು ಕಾಲದಲ್ಲಿ ಮೂವತ್ತಾರು. ಆರು ತಿಂಗಳ ಬಾಳಿಗೆಂದು ಕಟ್ಟಿದ ನೌಕೆ ಈ ಏರಿಳಿತಗಳನ್ನೆಲ್ಲ ತಾಳಿಕೊಂಡು ಎಂಟು ವರ್ಷಗಳ ಹತ್ತಿರ ಬಾಳಿತು. ಬೆಂಗಳೂರಿನ ಸಮೀಪದ ಬ್ಯಾಲಾಳಿನ ದೊಡ್ಡ ಆಂಟೆನಾ ಅದರ ಮಾತನ್ನು ಆಲಿಸುತ್ತಿತ್ತು.

೨೦೨೨ರ ಏಪ್ರಿಲ್‌ನಲ್ಲಿ ನೌಕೆ ದೀರ್ಘವಾದ ಒಂದು ಗ್ರಹಣಕ್ಕೆ ಸಿಕ್ಕಿತು. ಮಂಗಳನ ನೆರಳಿನಿಂದ ಹೊರಬಂದ ಮೇಲೆ ಅದರಿಂದ ಯಾವ ಉತ್ತರವೂ ಬರಲಿಲ್ಲ. ಇಸ್ರೊ ವಿಜ್ಞಾನಿಗಳು ಅದೇ ಅಕ್ಟೋಬರಿನಲ್ಲಿ ತಮ್ಮ ನಿರ್ಣಯವನ್ನು ತಿಳಿಸಿದರು: ನೌಕೆಯ ಇಂಧನ ಮುಗಿದುಹೋಗಿರಬೇಕು; ವಿದ್ಯುತ್ತು ಎಡೆಬಿಡದೆ ದೊರೆಯುವಂಥ ದಿಕ್ಕಿಗೆ ಅದು ತನ್ನನ್ನು ತಿರುಗಿಸಿಕೊಳ್ಳಲಾರದೆ ಹೋಯಿತು. ನೆರಳಿನಾಚೆ ಚದರ ಮೀಟರಿಗೆ ಐನೂರು ವಾಟಿಗೂ ಮೀರಿದ ಬಿಸಿಲು ಎಂದಿನಂತೆ ಬೀಳುತ್ತಲೇ ಇತ್ತು.